ಆಖೆನ್‌ನ ಕಲ್ಲಿನ ಸಿಂಹಾಸನ ನೋಡಿ ಬಂದೆ. ಈ ಶಾರ್ಲಮೇನ್ ಅಸಲಿಗೆ ಯಾರವನು?

ಆಖೆನ್_ಅಣ್ಣ:
ಓದೋಕೆ ಅಂತ ಜರ್ಮನಿಯ ಆಖೆನ್‌ಗೆ ಬಂದು ಎರಡು ವರ್ಷ ಆಯ್ತು. ದಿನಾ ಕ್ಯಾಥೆಡ್ರಲ್ ಮುಂದೆಯೇ ಸೈಕಲ್ ತುಳಿಯೋದು, ಆದ್ರೆ ಒಳಗೆ ಕಾಲಿಟ್ಟಿದ್ದು ಮೊನ್ನೆ ಶನಿವಾರ, ಅದೂ ಊರಿಂದ ಅಪ್ಪ ಅಮ್ಮ ಬಂದಿದ್ದಾರೆ ಅಂತ. ಶಾರ್ಲಮೇನ್‌ನದು ಅನ್ನೋ ಸಿಂಹಾಸನ ಮೇಲಿನ ಅಂತಸ್ತಿನಲ್ಲಿದೆ, ಗೈಡ್ ಜೊತೆಗೇ ಹತ್ತಬೇಕು. ನಾನು ಮೈಸೂರಿನ ರತ್ನಖಚಿತ ಸಿಂಹಾಸನ ತಲೆಯಲ್ಲಿಟ್ಕೊಂಡು ಹೋದವನು. ನೋಡಿದ್ರೆ ನಾಲ್ಕು ಅಮೃತಶಿಲೆ ಚಪ್ಪಡಿ, ಅವನ್ನ ಹಿಡಿದಿಟ್ಟ ಕಂಚಿನ ಪಟ್ಟಿ, ಆರು ಮೆಟ್ಟಿಲು. ಇಷ್ಟೇ. ಅಮ್ಮ ಮೆಲ್ಲಗೆ "ನಮ್ಮ ಹಳೇ ಮನೆ ಬಚ್ಚಲುಕಲ್ಲಿನ ಹಾಗಿದೆಯಲ್ಲೋ" ಅಂದ್ರು. 936ರಿಂದ 1531ರವರೆಗೆ ಜರ್ಮನಿಯ ಸುಮಾರು ಮೂವತ್ತು ರಾಜರ ಪಟ್ಟಾಭಿಷೇಕ ಈ ಕಲ್ಲಿನ ಎದುರಲ್ಲೇ ಆಗಿದೆಯಂತೆ.

ನನ್ನ ಪ್ರಶ್ನೆ ಬೇರೆ. ನನ್ನ ರೂಮಿನ ಫ್ರೆಂಚ್ ಹುಡುಗ "ಶಾರ್ಲಮೇನ್ ನಮ್ಮೋನು, ಶಾಲೆ ಶುರು ಮಾಡಿದ್ದೇ ಅವನು, ಚಿಕ್ಕವರಿದ್ದಾಗ ಎಲ್ಲರೂ ಅವನಿಗೆ ಶಾಪ ಹಾಕ್ತಿದ್ವಿ" ಅಂತಾನೆ. ಆಖೆನ್‌ನವರಿಗೆ ಅವನು ಕಾರ್ಲ್, ಊರಿನ ಯಜಮಾನ ಇದ್ದ ಹಾಗೆ. ಲೋವರ್ ಸ್ಯಾಕ್ಸನಿಯಿಂದ ಬಂದ ಇನ್ನೊಬ್ಬ ಮಾತ್ರ ಮುಖ ಸಿಂಡರಿಸಿ "ನಮ್ಮ ಜನರ ತಲೆ ಕಡಿಸಿದವನು" ಅಂದ. ಮೂರೂ ಒಬ್ಬನೇ ಮನುಷ್ಯನ ಬಗ್ಗೆಯಾ? ತಿಳಿದವರು ಹೇಳಿ.

ನಿವೃತ್ತ_ಮೇಷ್ಟ್ರು:
ಮೂರೂ ನಿಜ. ಮೊದಲು ಒಂದು ಗಂಟು ಬಿಡಿಸೋಣ. ಅವನ ಕಾಲದಲ್ಲಿ ಫ್ರಾನ್ಸೂ ಇರಲಿಲ್ಲ, ಜರ್ಮನಿಯೂ ಇರಲಿಲ್ಲ. ಅವನು ಫ್ರಾಂಕ್ ಅನ್ನೋ ಬುಡಕಟ್ಟಿನವನು. ಮನೆಮಾತು ಜರ್ಮಾನಿಕ್ ಬಳಗದ್ದು, ಆಳಿದ ಪ್ರಜೆಗಳಲ್ಲಿ ಅರ್ಧದಷ್ಟು ಜನ ಲ್ಯಾಟಿನ್ ಒಡೆದು ಹುಟ್ಟಿದ ಮಾತು ಆಡ್ತಿದ್ದರು. ಅವನು ಸತ್ತು 29 ವರ್ಷಕ್ಕೆ, 843ರಲ್ಲಿ, ವೆರ್ದುನ್‌ನಲ್ಲಿ ಮೊಮ್ಮಕ್ಕಳು ಆಸ್ತಿ ಪಾಲು ಮಾಡಿಕೊಂಡರು. ಪಶ್ಚಿಮದ ಪಾಲು ಮುಂದೆ ಫ್ರಾನ್ಸ್ ಆಯಿತು, ಪೂರ್ವದ್ದು ಜರ್ಮನಿ. ನಡುವಿನ ಪಾಲಿಗಾಗಿ ಇಬ್ಬರೂ 1945ರವರೆಗೆ ಹೊಡೆದಾಡಿದರು. ಅಜ್ಜ ಯಾರ ಪಾಲಿಗೆ ಅಂತ ಕೇಳಿದರೆ ಏನು ಹೇಳೋದು.

ಇನ್ನು ಮನೆತನ. ಹಳೇ ಮೆರೊವಿಂಜಿಯನ್ ರಾಜರಿಗೆ ಉದ್ದ ಕೂದಲೇ ರಾಜಚಿಹ್ನೆ. ಅಧಿಕಾರವೆಲ್ಲ ದಿವಾನರ ಕೈಯಲ್ಲಿ. ಆ ದಿವಾನಗಿರಿ ಮಾಡುತ್ತಿದ್ದ ಪೆಪಿನ್ 751ರಲ್ಲಿ ಪೋಪ್ ಒಪ್ಪಿಗೆ ಪಡೆದು, ಕೊನೆಯ ರಾಜ ಮೂರನೇ ಚಿಲ್ಡೆರಿಕ್‌ನ ತಲೆ ಬೋಳಿಸಿ ಮಠಕ್ಕೆ ಕಳಿಸಿದ. ಅವನಿಗೆ 'ಗಿಡ್ಡ ಪೆಪಿನ್' ಅಂತ ಅಡ್ಡಹೆಸರು. ಅವನ ಮಗನೇ ನಮ್ಮ ಕಾರ್ಲ್, ಎತ್ತರದ ಆಳು. ಮೂಳೆ ಅಳೆದವರು ಸುಮಾರು 1.84 ಮೀಟರ್ ಅಂದಿದ್ದಾರೆ.

768ರಲ್ಲಿ ಅಪ್ಪ ಸತ್ತಾಗ ರಾಜ್ಯ ಇಬ್ಬರು ಅಣ್ಣತಮ್ಮಂದಿರಿಗೆ ಹಂಚಿಹೋಯಿತು. ಮೂರೇ ವರ್ಷಕ್ಕೆ, 771ರಲ್ಲಿ, ತಮ್ಮ ಕಾರ್ಲೊಮಾನ್ ತೀರಿಕೊಂಡ. ವಿಧವೆ ಮಕ್ಕಳನ್ನು ಕಟ್ಟಿಕೊಂಡು ಇಟಲಿಯ ಲೊಂಬಾರ್ಡ್ ರಾಜ ದೆಸಿದೇರಿಯಸ್‌ನ ಆಸರೆಗೆ ಓಡಿದಳು. ಕಾರ್ಲ್ ಅಷ್ಟರಲ್ಲಿ ಅದೇ ದೆಸಿದೇರಿಯಸ್‌ನ ಮಗಳನ್ನು ಮದುವೆಯಾಗಿ ತವರಿಗೆ ವಾಪಸ್ ಕಳಿಸಿಯೂ ಆಗಿತ್ತು. 774ರಲ್ಲಿ ಪಾವಿಯಾ ಬಿತ್ತು, ಮಾವ ಮಠ ಸೇರಿದ, ಲೊಂಬಾರ್ಡರ ಕಿರೀಟ ಅಳಿಯನಿಗೆ. ಆ ತಮ್ಮನ ಮಕ್ಕಳ ಹೆಸರು ಆಮೇಲೆ ಯಾವ ದಾಖಲೆಯಲ್ಲೂ ಬರುವುದಿಲ್ಲ. 'ಮಹಾನ್' ಅನ್ನುವಾಗ ಇದೂ ನೆನಪಿರಲಿ.

ಸುಮ್ನೆ_ಕೇಳ್ದೆ:
ಮೇಷ್ಟ್ರೇ, ಇದು ಥೇಟ್ ನಮ್ಮ ಊರಿನ ಗದ್ದೆ ವ್ಯಾಜ್ಯ. ಆದ್ರೆ ಪೋಪ್ ಅವನಿಗೆ ಗೊತ್ತಿಲ್ಲದ ಹಾಗೆ ಹಿಂದಿನಿಂದ ಬಂದು ಕಿರೀಟ ಇಟ್ಟುಬಿಟ್ಟ ಅಂತ ಓದಿದ ನೆನಪು. ನಿಜವಾ?

ನಿವೃತ್ತ_ಮೇಷ್ಟ್ರು:
800ರ ಡಿಸೆಂಬರ್ 25, ರೋಮಿನ ಸಂತ ಪೀಟರ್ ಚರ್ಚು, ಕಿರೀಟ ಇಟ್ಟವನು ಮೂರನೇ ಲಿಯೋ. "ಪೋಪ್‌ನ ಮನಸ್ಸಲ್ಲಿ ಏನಿದೆ ಅಂತ ಗೊತ್ತಿದ್ದರೆ ಅಂಥ ದೊಡ್ಡ ಹಬ್ಬದ ದಿನವಾದರೂ ಚರ್ಚಿಗೆ ಹೋಗುತ್ತಿರಲಿಲ್ಲ" ಎಂದು ರಾಜ ಹೇಳಿದನೆಂದು ಅವನ ಚರಿತ್ರೆ ಬರೆದ ಆಸ್ಥಾನಿಕ ಐನ್‌ಹಾರ್ಡ್ ಬರೆಯುತ್ತಾನೆ. ನಾನಂತೂ ನಂಬಲ್ಲ. ಹಿಂದಿನ ವರ್ಷವಷ್ಟೇ ಲಿಯೋನ ಮೇಲೆ ರೋಮಿನ ಬೀದಿಯಲ್ಲಿ ಹಲ್ಲೆಯಾಗಿ, ಅವನು ಆಲ್ಪ್ಸ್ ದಾಟಿ ಪಾಡರ್‌ಬಾರ್ನ್‌ವರೆಗೆ ಬಂದು ಕಾರ್ಲ್‌ನ ಕಾಲು ಹಿಡಿದಿದ್ದ. ಅಷ್ಟು ಋಣದಲ್ಲಿದ್ದವನು ಹೇಳದೆ ಕೇಳದೆ ಕಿರೀಟ ಇಡ್ತಾನಾ? ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಗ ಹೆಣ್ಣು, ಐರೀನ್, ಹೆತ್ತ ಮಗನ ಕಣ್ಣು ಕೀಳಿಸಿ ಪಟ್ಟದಲ್ಲಿದ್ದಳು. ಹೀಗಾಗಿ 'ಸಾಮ್ರಾಟನ ಪೀಠ ಖಾಲಿ ಇದೆ' ಅನ್ನೋ ವಾದ ರೋಮಿಗೂ ಬೇಕಿತ್ತು, ಫ್ರಾಂಕರಿಗೂ ಬೇಕಿತ್ತು. ಕಾನ್‌ಸ್ಟಾಂಟಿನೋಪಲ್‌ನವರು ಕಾರ್ಲ್‌ನನ್ನು ಸಾಮ್ರಾಟ ಅಂತ ಒಪ್ಪಿಕೊಂಡಿದ್ದು 812ರಲ್ಲಿ.

ಧಾರವಾಡ್_ಮಾಮಾ:
ಕಿರೀಟದ ಕತಿ ಸಾಕ್ರಿ. ಆ ಸ್ಯಾಕ್ಸನ್ ಹುಡುಗ ಯಾಕ ಮಾರಿ ಸಿಂಡರಿಸಿದಾ ಅದನ್ನ ಯಾರೂ ಹೇಳವಲ್ರಿ. ನಾ ಹೇಳ್ತೀನಿ ಕೇಳ್ರಿ.

772ರಾಗ ಸ್ಯಾಕ್ಸನ್ನರ ಪೂಜಿ ಕಂಬ ಇರ್ಮಿನ್‌ಸುಲ್ ಕಡಿಸಿದಾ, ಅಲ್ಲಿದ್ದ ಬಂಗಾರ ಬೆಳ್ಳಿ ಹೊತ್ಕೊಂಡು ಹೋದಾ. ಯುದ್ಧ ಮುಗದದ್ದು 804ಕ್ಕ. ಮೂವತ್ತೆರಡು ವರ್ಷಾ! 782ರಾಗ ಅವನ ಸೈನ್ಯ ಸ್ಯೂಂಟೆಲ್ ಗುಡ್ಡದಾಗ ಹೊಡತಾ ತಿಂತು. ಸಿಟ್ಟಿಗೆ ಬಂದು ವೆರ್ಡೆನ್‌ನಾಗ ಒಂದ ದಿನದಾಗ 4500 ಮಂದಿ ಕೈದಿಗಳ ತಲಿ ತಗಸಿದಾ. ಈ ಲೆಕ್ಕಾ ಬರದವರು ವೈರಿಗಳಲ್ರಿ, ಫ್ರಾಂಕರ ರಾಜವಂಶದ್ದ ವಾರ್ಷಿಕ ದಾಖಲಿ. ಸಂಖ್ಯಾ ಉಬ್ಬಿಸ್ಯಾರ ಅಂತ ವಾದಾ ಮಾಡವ್ರು ಅದಾರ, ಇರ್ಲಿ. ಉಬ್ಬಿಸಿದ್ರೂ ಹೆಮ್ಮಿಲೆ ಉಬ್ಬಿಸ್ಯಾರಲ್ರಿ, ಅದು ಇನ್ನೂ ಕೆಟ್ಟ.

ಆಮ್ಯಾಲೆ ಕಾಯ್ದೆ ತಂದಾ. ದೀಕ್ಷಾಸ್ನಾನ ಒಲ್ಲೆ ಅಂತ ಅಡಗಿ ಕುಂತವಗ ಮರಣದಂಡನೆ. ಉಪವಾಸದ ದಿನಾ ಧರ್ಮಕ್ಕ ಸಡ್ಡು ಹೊಡದು ಮಾಂಸಾ ತಿಂದವಗ ಮರಣದಂಡನೆ. ಸತ್ತವರನ್ನ ತಮ್ಮ ಪದ್ಧತಿ ಪ್ರಕಾರ ಸುಟ್ಟರೂ ಮರಣದಂಡನೆ. ಅಪ್ಪನ ಹೆಣಾ ಸುಟ್ಟಿದ್ದಕ್ಕ ಮಗನ ಹೆಣಾ ಬೀಳ್ತಿತ್ತು. ಅವನ ಆಸ್ಥಾನದ ಪಂಡಿತ ಆಲ್ಕ್ವಿನ್ ಸುದ್ದಾ ತಡ್ಕೊಳ್ಳಿಲ್ಲ. ನಂಬಿಕಿ ಒತ್ತಾಯದ ಮಾತಲ್ಲ, ಹತ್ತರಾಗ ಒಂದು ಪಾಲಿನ ತೆರಿಗಿ ಹೇರಿದ್ದಕ್ಕ ಸ್ಯಾಕ್ಸನ್ನರ ನಂಬಿಕಿ ಕೆಟ್ಟಿತು ಅನ್ನೋ ಅರ್ಥದಾಗ ಪತ್ರಾ ಬರದಾನ. ಸಣ್ಣ ಮಾತಲ್ಲದು.

ಪುಸ್ತಕದ_ಹುಳ:
ಮಾಮಾ ಹೇಳಿದ್ದಕ್ಕೆ ಬಾಲಂಗೋಚಿ. 1935ರಲ್ಲಿ ನಾತ್ಸಿಗಳು ವೆರ್ಡೆನ್‌ನಲ್ಲಿ ಸತ್ತವರ ಲೆಕ್ಕಕ್ಕೆ ಸರಿಯಾಗಿ 4500 ಕಲ್ಲು ನೆಟ್ಟು ಸ್ಮಾರಕ ಮಾಡಿದರು. ಆಗ ಕಾರ್ಲ್ ಅವರ ಪಾಲಿಗೆ 'ಸ್ಯಾಕ್ಸನ್ನರ ಕಟುಕ'. ಹತ್ತು ವರ್ಷ ತುಂಬೋ ಮೊದಲೇ ಫ್ರೆಂಚ್ ಸ್ವಯಂಸೇವಕರ ಎಸ್‌ಎಸ್ ಡಿವಿಷನ್ ಕಟ್ಟಿ ಅದಕ್ಕೆ ಶಾರ್ಲಮೇನ್ ಅಂತಲೇ ಹೆಸರಿಟ್ಟರು. ಯುದ್ಧ ಮುಗಿದ ಮೇಲೆ 1950ರಿಂದ ಅದೇ ಆಖೆನ್‌ನಲ್ಲಿ ಯುರೋಪಿನ ಒಗ್ಗಟ್ಟಿಗೆ ದುಡಿದವರಿಗೆ ಅವನ ಹೆಸರಿನ ಪ್ರಶಸ್ತಿ! 1165ರಲ್ಲಿ ಜರ್ಮನಿಯ ಸಾಮ್ರಾಟ ಬಾರ್ಬರೋಸನ ಒತ್ತಾಸೆಯಿಂದ ಸಂತ ಪದವಿಯೂ ಸಿಕ್ಕಿತ್ತು, ಕೊಟ್ಟವನು ಮಾತ್ರ ಪ್ರತಿಸ್ಪರ್ಧಿ ಪೋಪ್.

ಕಾಲ_ಕಳ್ಳ:
ಎಲ್ಲರೂ ಇಷ್ಟು ಗಂಭೀರವಾಗಿ ಮಾತಾಡ್ತಿದ್ದೀರ, ಆದ್ರೆ ಶಾರ್ಲಮೇನ್ ಅನ್ನೋನು ಇರಲೇ ಇಲ್ಲ. ಜರ್ಮನಿಯ ಹೆರಿಬರ್ಟ್ ಇಲಿಗ್ ಹೇಳಿರೋದು ನೋಡಿ. 614ರಿಂದ 911ರವರೆಗಿನ 297 ವರ್ಷ ಪೂರ್ತಿ ಕಟ್ಟುಕಥೆ, ಆಮೇಲೆ ಸೇರಿಸಿದ್ದು. ಯೂಟ್ಯೂಬಲ್ಲಿ ವೀಡಿಯೊಗಳಿವೆ.

ನಿವೃತ್ತ_ಮೇಷ್ಟ್ರು:
ಸ್ವಾಮಿ, 614ರಿಂದ 911 ತೆಗೆದರೆ ನಿಮ್ಮ ಬುಡಕ್ಕೇ ಬರುತ್ತೆ. 634ರ ಐಹೊಳೆ ಶಾಸನ ಹೋಯಿತು. ವಿಕ್ರಮಾದಿತ್ಯ ಹೋದ, ಪಟ್ಟದಕಲ್ಲಿನ ವಿರೂಪಾಕ್ಷ ದೇವಸ್ಥಾನ ಹೋಯಿತು, ಎಲ್ಲೋರದ ಕೈಲಾಸ ಹೋಯಿತು. ಶಿರೂರಿನ ಶಾಸನ ಶಕ 788ರದ್ದು, ಅಂದರೆ 866, ಅಮೋಘವರ್ಷನ ಆಳ್ವಿಕೆಯ 52ನೇ ವರ್ಷ. ಇದನ್ನು ಕಡೆಯಿಸಿದವರು ಜರ್ಮನಿಯ ಪಾದ್ರಿಗಳ ಜೊತೆ ಒಳಸಂಚು ಮಾಡಿದ್ದರಾ? ಚೀನಾದ ತಾಂಗ್ ವಂಶ 618ರಿಂದ 907. ಅದೂ ಇಡಿಯಾಗಿ ಮಾಯ. ವೀಡಿಯೊ ಮಾಡುವವರಿಗೆ ಇವು ಯಾವುವೂ ಗೊತ್ತಿರಲ್ಲ, ಅವರ ಪ್ರಪಂಚ ಆಲ್ಪ್ಸ್ ಆಚೆಗೇ ಮುಗಿಯುತ್ತೆ.

ಕಾಲ_ಕಳ್ಳ:
ವಿರೂಪಾಕ್ಷನ ತಂಟೆಗೆ ಹೋಗಲ್ಲ ಬಿಡಿ. ಪೋಸ್ಟ್ ವಾಪಸ್.

ಮಲೆನಾಡ_ಮಳೆ:
ನಂಗೆ ಇವನ ಕಥೆಯಲ್ಲಿ ಇಷ್ಟ ಆಗಿದ್ದು ಆನೆ. ಬಾಗ್ದಾದಿನ ಖಲೀಫ ಹಾರೂನ್ ಅಲ್ ರಶೀದ್ ಕಳಿಸಿದ್ದು, ಹೆಸರು ಅಬುಲ್ ಅಬ್ಬಾಸ್. ಬಿಳಿ ಆನೆ ಅಂತೆ. ನಮ್ಮ ಕಡೆಯಿಂದ್ಲೇ ಹೋಗಿದ್ದಿರಬೇಕು ಅಲ್ವಾ!

ಪುಸ್ತಕದ_ಹುಳ:
ಆಸೆಗೆ ಕಲ್ಲು ಹಾಕ್ತಿದ್ದೀನಿ, ಕ್ಷಮಿಸಿ. ಆ ಕಾಲದ ದಾಖಲೆಯಲ್ಲಿ ಆನೆಯ ತವರಿನ ಬಗ್ಗೆ ಒಂದಕ್ಷರ ಇಲ್ಲ. ಬಿಳಿ ಬಣ್ಣವಂತೂ ಆಮೇಲಿನವರು ಬಳಿದದ್ದು. ಆದ್ರೆ ಇರೋ ಕಥೆಯೇ ಸಾಕಾಗುವಷ್ಟಿದೆ. 797ರಲ್ಲಿ ಕಾರ್ಲ್ ಬಾಗ್ದಾದಿಗೆ ಮೂವರನ್ನ ಕಳಿಸಿದ. ಲಾಂಟ್‌ಫ್ರಿಡ್, ಸಿಗಿಮುಂಡ್ ಇಬ್ಬರೂ ದಾರಿಯಲ್ಲೇ ತೀರಿಕೊಂಡರು. ಉಳಿದವನು ಐಸಾಕ್ ಅನ್ನೋ ಯಹೂದಿ. ಅವನೊಬ್ಬನೇ ಆನೆ ಹೊಡ್ಕೊಂಡು ಉತ್ತರ ಆಫ್ರಿಕಾಕ್ಕೆ ಬಂದು, ಅಲ್ಲಿಂದ ಹಡಗು ಹತ್ತಿಸಿ, 801ರ ಅಕ್ಟೋಬರಿನಲ್ಲಿ ಇಟಲಿಯ ಪೋರ್ಟೊವೆನೆರೆಯಲ್ಲಿ ಇಳಿಸಿದ. ಆಲ್ಪ್ಸ್‌ನಲ್ಲಿ ಹಿಮ ಬಿದ್ದಿತ್ತು, ಆನೆ ಚಳಿಗಾಲ ಪೂರ್ತಿ ವೆರ್ಚೆಲ್ಲಿಯಲ್ಲೇ. 802ರ ಜುಲೈ 20ಕ್ಕೆ ಆಖೆನ್ ತಲುಪಿತು. ಎಂಟು ವರ್ಷ ಬದುಕಿ, 810ರಲ್ಲಿ ಡೇನರ ಮೇಲೆ ದಂಡೆತ್ತಿ ಹೊರಟಾಗ ರೈನ್ ನದಿ ದಾಟಿದ ಜಾಗದಲ್ಲಿ ಸತ್ತಿತು. ಅದೇ ವರ್ಷ ಮಗ ಪೆಪಿನ್ ಹೋದ, ಮರುವರ್ಷ ದೊಡ್ಡ ಮಗ. ರಾಜಮನೆತನದ ದಾಖಲೆಯಲ್ಲಿ ಮಕ್ಕಳ ಸಾವಿನ ಪಕ್ಕದಲ್ಲೇ ಆನೆಯ ಸಾವೂ ಇದೆ.

ನನಗೆ ಆ ಐಸಾಕ್‌ನದೇ ಚಿಂತೆ. ನಾಲ್ಕೈದು ವರ್ಷ, ಜೊತೆಗಾರರಿಬ್ಬರೂ ಸತ್ತು, ಕೈಯಲ್ಲೊಂದು ಆನೆ. ಅವನ ಬಗ್ಗೆ ಇರೋದು ಮೂರ್ನಾಲ್ಕು ಸಾಲು ಅಷ್ಟೇ.

ಚಿಲ್ಲರೆ_ಕಾಸು:
ನಾಣ್ಯ ಕೂಡಿಡೋ ಹುಚ್ಚಿರೋದ್ರಿಂದ ನಾನು ನನ್ನ ಕಿಟಕಿಯಿಂದಲೇ ನೋಡ್ತೀನಿ. ಪಶ್ಚಿಮದಲ್ಲಿ ಬಂಗಾರ ಬತ್ತಿಹೋಗಿತ್ತು. ಕಾರ್ಲ್ ಬೆಳ್ಳಿಗೆ ಇಳಿದ. 794ರ ಹೊತ್ತಿಗೆ ಹೊಸ ದಪ್ಪ ಬೆಳ್ಳಿ ನಾಣ್ಯ ಬಂತು, ಸುಮಾರು 1.7 ಗ್ರಾಂ, ಮೇಲೆ ಅವನ ಹೆಸರಿನ ಅಕ್ಷರ ಹೆಣೆದ ಮುದ್ರೆ. ಒಂದು ಪೌಂಡು ಬೆಳ್ಳಿಗೆ 240 ನಾಣ್ಯ. 12ಕ್ಕೆ ಒಂದು ಸೋಲಿಡಸ್, 20 ಸೋಲಿಡಸ್‌ಗೆ ಒಂದು ಪೌಂಡು. ನಮ್ಮ ತಾತನ ಅಂಕಗಣಿತದ ಪುಸ್ತಕದಲ್ಲಿದ್ದ 'ಹನ್ನೆರಡು ಪೆನ್ಸಿಗೆ ಒಂದು ಶಿಲ್ಲಿಂಗು, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡು' ಇದೇ ಲೆಕ್ಕ! ಬ್ರಿಟನ್ ಇದನ್ನ ಕೈಬಿಟ್ಟಿದ್ದು 1971ರ ಫೆಬ್ರವರಿಯಲ್ಲಿ.

ಅದೇ 794ರಲ್ಲಿ ಫ್ರಾಂಕ್‌ಫರ್ಟಿನ ಸಭೆಯಲ್ಲಿ ದರ ನಿಗದಿ ಮಾಡಿದ. ಬೆಳೆ ಬಂದರೂ ಅಷ್ಟೇ, ಬರ ಬಿದ್ದರೂ ಅಷ್ಟೇ. ಒಂದು ಅಳತೆ ಓಟ್ಸಿಗೆ ಒಂದು ಕಾಸು, ಬಾರ್ಲಿಗೆ ಎರಡು, ರೈಗೆ ಮೂರು, ಗೋಧಿಗೆ ನಾಲ್ಕು. ರೊಟ್ಟಿ ಕೊಳ್ಳುವುದಾದರೆ ಎರಡೆರಡು ಪೌಂಡಿನ ಗೋಧಿ ರೊಟ್ಟಿ ಕಾಸಿಗೆ 12, ರೈ ರೊಟ್ಟಿ 15, ಬಾರ್ಲಿದು 20, ಓಟ್ಸಿಂದು 25. ಹೊಸ ನಾಣ್ಯ ಬೇಡ ಅಂದ ಸ್ವತಂತ್ರ ಮನುಷ್ಯನಿಗೆ 15 ಸೋಲಿಡಸ್ ದಂಡ. ಈಗ ಐನೂರರ ನೋಟಿಗೆ ಚಿಲ್ಲರೆ ಇಲ್ಲ ಅನ್ನೋ ಕಂಡಕ್ಟರ್ ನೆನಪಾದ್ರು.

ಸುಮ್ನೆ_ಕೇಳ್ದೆ:
ಅವನಿಗೆ ಓದು ಬರಹ ಬರ್ತಿರಲಿಲ್ಲವಂತೆ? ಹೆಬ್ಬೆಟ್ಟು ರಾಜ?

ಪುಸ್ತಕದ_ಹುಳ:
ಅರ್ಧ ಸತ್ಯ. ಓದಿಸಿ ಕೇಳುವುದು, ಮಾತಾಡುವುದು ಚೆನ್ನಾಗಿ ಬರುತ್ತಿತ್ತು. ಲ್ಯಾಟಿನ್ ಮನೆಮಾತಿನಷ್ಟೇ ಸಲೀಸು, ಗ್ರೀಕ್ ಅರ್ಥವಾಗುತ್ತಿತ್ತು. ಬರೆಯೋದು ಕೈಗೆ ಹತ್ತಲಿಲ್ಲ. ದಿಂಬಿನ ಕೆಳಗೆ ಹಲಗೆ, ಹಾಳೆ ಇಟ್ಟುಕೊಂಡು ಬಿಡುವಾದಾಗ ಅಕ್ಷರ ತಿದ್ದುತ್ತಿದ್ದ, ಆದರೆ ತಡವಾಗಿ ಶುರು ಮಾಡಿದ್ದರಿಂದ ಕೈ ಪಳಗಲಿಲ್ಲ ಅಂತ ಐನ್‌ಹಾರ್ಡ್. ರಾತ್ರಿ ನಾಲ್ಕೈದು ಸಲ ಎದ್ದು ಕೂರುತ್ತಿದ್ದನಂತೆ. ಆ ಕತ್ತಲಲ್ಲಿ ಅರ್ಧ ಯುರೋಪಿನ ಒಡೆಯ ನಮ್ಮ ಒಂದನೇ ಕ್ಲಾಸಿನ ಮಗುವಿನ ಹಾಗೆ ಅಕ್ಷರ ತಿದ್ದೋದನ್ನ ನೆನೆಸಿಕೊಳ್ಳಿ. ರಾಜಪತ್ರಗಳಿಗೆ ಅವನ ಸಹಿ ಅಂದರೆ ಶಿಲುಬೆ ಆಕಾರದಲ್ಲಿ ಹೆಣೆದ ಹೆಸರು. ಅದನ್ನೂ ಗುಮಾಸ್ತನೇ ಬರೆದಿಡುತ್ತಿದ್ದ, ನಡುವಿನ ಚಿಕ್ಕ ಗೀಟು ಮಾತ್ರ ರಾಜನದು.

ಇದೇ ಐನ್‌ಹಾರ್ಡ್ ಬಗ್ಗೆ ಒಂದು ಎಚ್ಚರಿಕೆ. ಅವನು ರೋಮಿನ ಸುಯೆಟೋನಿಯಸ್ ಬರೆದ ಸಾಮ್ರಾಟರ ಚರಿತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು, ಅಲ್ಲಲ್ಲಿ ಪದಕ್ಕೆ ಪದ ಎತ್ತಿ, ಕಾರ್ಲ್‌ಗೆ ತೊಡಿಸಿದವನು. ಹಾಗಾಗಿ ಹೊಗಳಿಕೆಯನ್ನ ಉಪ್ಪಿನಕಾಯಿ ಹಾಗೆ ಸ್ವಲ್ಪವೇ ಹಾಕಿಕೊಳ್ಳಿ. ಕತ್ತು ಗಿಡ್ಡ, ಹೊಟ್ಟೆ ಮುಂದೆ, ಆ ದೇಹಕ್ಕೆ ಒಪ್ಪದ ತೆಳು ದನಿ, ಸುಟ್ಟ ಮಾಂಸ ಬಿಟ್ಟು ಬೇಯಿಸಿದ್ದು ತಿನ್ನಿ ಅಂದ ವೈದ್ಯರ ಮೇಲೆ ಮುನಿಸು. ಇಂಥವನ್ನು ನಾನು ನಂಬ್ತೀನಿ, ಹೊಗಳುಭಟ್ಟ ಇವನ್ನ ಕಲ್ಪಿಸಿ ಬರೆಯಲ್ಲ.

ಬರೆಯಲಾರದ ಈ ಮನುಷ್ಯನಿಂದ ಉಳಿದಿರೋ ದೊಡ್ಡ ಆಸ್ತಿ ಅಂದ್ರೆ ಬರಹವೇ. 789ರ ಅವನ ಆಜ್ಞೆಯಲ್ಲಿ ಒಂದು ಮಾತಿದೆ. ಜನ ದೇವರನ್ನ ಸರಿಯಾಗಿ ಬೇಡಿಕೊಳ್ಳಬೇಕು ಅಂತಾರೆ, ಆದರೆ ಪುಸ್ತಕದಲ್ಲಿ ತಪ್ಪಿರುವುದರಿಂದ ತಪ್ಪಾಗಿ ಬೇಡಿಕೊಳ್ತಾರೆ, ಅದಕ್ಕೇ ಪುಸ್ತಕ ತಿದ್ದಿ, ಹುಡುಗರಿಗೆ ಓದು ಕಲಿಸಿ, ಅಂತ. ಆಗ ಒಂದೊಂದು ಮಠದ್ದು ಒಂದೊಂದು ಕೋಳಿಕಾಲು ಬರಹ. ಕೊರ್ಬಿ, ತೂರ್ ಮುಂತಾದ ಮಠಗಳಲ್ಲಿ ದುಂಡಗೆ, ಬಿಡಿಬಿಡಿಯಾಗಿ, ಪದಗಳ ನಡುವೆ ಜಾಗ ಬಿಟ್ಟು ಬರೆಯುವ ಹೊಸ ಲಿಪಿ ನೆಲೆಗೊಂಡಿತು. ಒಂಬತ್ತನೇ ಶತಮಾನದ ಸುಮಾರು 7000 ಹಸ್ತಪ್ರತಿಗಳು ಇಂದಿಗೂ ಉಳಿದಿವೆ. ಲುಕ್ರೀಷಿಯಸ್, ವಿಟ್ರೂವಿಯಸ್, ಸೀಸರ್ ಇವರ ಕೃತಿಗಳಿಗೆ ನಮ್ಮ ಕೈಲಿರೋ ಅತಿ ಹಳೆಯ ಪ್ರತಿಗಳು ಇವೇ. ಇವರು ನಕಲು ಮಾಡದಿದ್ದರೆ ರೋಮಿನ ಅರ್ಧ ಸಾಹಿತ್ಯ ಗೆದ್ದಲಿಗೆ.

ತಮಾಷೆ ಏನಂದ್ರೆ, ಆರು ಶತಮಾನ ಕಳೆದ ಮೇಲೆ ಇಟಲಿಯ ವಿದ್ವಾಂಸರು ಈ ಪ್ರತಿಗಳನ್ನ ನೋಡಿ, ಇದು ಪ್ರಾಚೀನ ರೋಮನ್ನರ ಕೈಬರಹವೇ ಅಂದುಕೊಂಡು ಅದನ್ನೇ ಅನುಕರಿಸಿದರು. ವೆನಿಸ್‌ನ ಮುದ್ರಕರು ಅದನ್ನ ಅಚ್ಚಿಗೆ ಇಳಿಸಿದರು. ಇವತ್ತು ಇಂಗ್ಲಿಷಿನ ಸಣ್ಣಕ್ಷರ ಅಂತ ನಾವು ಓದೋದು ಅದನ್ನೇ. ಇನ್ನೂ ಒಂದು: ಪ್ರಶ್ನಾರ್ಥಕ ಚಿಹ್ನೆಯ ಮೂಲಪುರುಷ ಮೊದಲು ಮುಖ ತೋರಿಸಿದ್ದು ಇದೇ ಕಾಲದ ಹಸ್ತಪ್ರತಿಗಳಲ್ಲಿ. ಈ ಥ್ರೆಡ್‌ನಲ್ಲಿ 'ಸುಮ್ನೆ ಕೇಳ್ದೆ'ಯವರು ಹಾಕ್ತಿರೋ ಒಂದೊಂದು ಪ್ರಶ್ನೆಯ ಕೊನೆಯಲ್ಲೂ ಆ ಕಾಲದ ಕೊಕ್ಕೆ ಇದೆ.

ಸುಮ್ನೆ_ಕೇಳ್ದೆ:
ಹೌದಾ???

ಧಾರವಾಡ್_ಮಾಮಾ:
ಲಿಪಿ ಛಂದ ಐತಿ, ಒಪ್ಪಿದೆ. ಆದ್ರ ಅದ ದುಂಡ ಅಕ್ಷರದಾಗನ ಮರಣದಂಡನೆ ಕಾಯ್ದೆನೂ ಬರದಿರ್ತಾರ್ರಿ. ಎರಡೂ ಒಂದ ಕಚೇರಿಯಿಂದ ಹೊಂಟಿದ್ವು.

ಪುಸ್ತಕದ_ಹುಳ:
ಮಾಮಾ, ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ನಿವೃತ್ತ_ಮೇಷ್ಟ್ರು:
ಒಂದು ಹೋಲಿಕೆ ಮಾಡಲೇಬೇಕು ಅನಿಸ್ತಿದೆ, ಅತಿ ಅನ್ನಿಸಿದರೆ ಬೈಯಿರಿ. ಕಾರ್ಲ್ ತೀರಿಕೊಂಡಿದ್ದು 814ರ ಜನವರಿ 28. ಅದೇ 814ರಲ್ಲಿ ಮಾನ್ಯಖೇಟದಲ್ಲಿ ಹುಡುಗ ಅಮೋಘವರ್ಷ ಪಟ್ಟಕ್ಕೆ ಬಂದ. ಕಾರ್ಲ್ ತನ್ನ ಮಾತಿಗೆ ವ್ಯಾಕರಣ ಬರೆಯಲು ಶುರು ಮಾಡಿದ್ದನಂತೆ, ತಿಂಗಳುಗಳಿಗೆ, ಗಾಳಿಗಳಿಗೆ ಫ್ರಾಂಕ್ ಹೆಸರಿಟ್ಟ, ಹಳೇ ವೀರಗೀತೆಗಳನ್ನ ಬರೆಸಿಟ್ಟ. ವ್ಯಾಕರಣವೂ ಉಳಿಯಲಿಲ್ಲ, ಗೀತೆಗಳೂ ಉಳಿಯಲಿಲ್ಲ. ಅಮೋಘವರ್ಷನ ಆಸ್ಥಾನದ 'ಕವಿರಾಜಮಾರ್ಗ' ನಮಗೆ ಉಳಿದಿದೆ. 851ರಲ್ಲಿ ಅರಬ್ ವರ್ತಕ ಸುಲೈಮಾನ್‌ನ ಹೆಸರಿನಲ್ಲಿ ಬಂದ ಬರಹದಲ್ಲಿ ಜಗತ್ತಿನ ನಾಲ್ಕು ದೊಡ್ಡ ದೊರೆಗಳ ಪಟ್ಟಿ ಇದೆ: ಖಲೀಫ, ಚೀನಾದ ದೊರೆ, ರೂಮ್‌ನ (ಅಂದರೆ ಕಾನ್‌ಸ್ಟಾಂಟಿನೋಪಲ್‌ನ) ದೊರೆ, ಬಲ್ಹಾರ. ಬಲ್ಹಾರ ಅಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ. ಫ್ರಾಂಕರ ರಾಜನಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ.

ಧಾರವಾಡ್_ಮಾಮಾ:
ಬೈಯೂದಿಲ್ರಿ ಮೇಷ್ಟ್ರ. ಆದ್ರ ರಾಷ್ಟ್ರಕೂಟರೂ ಯುದ್ಧದಾಗ ಹೂವಿನ ಹಾರಾ ಹಾಕ್ತಿದ್ದಿಲ್ಲ, ನೆನಪಿರ್ಲಿ.

ಮಲೆನಾಡ_ಮಳೆ:
ಆನೆ ನಮ್ದಲ್ಲ ಅಂದಿದ್ದಕ್ಕೆ ಬೇಜಾರಾಗಿ ಹುಡುಕ್ತಾ ಹೋದೆ, ಇನ್ನೊಂದು ಸಿಕ್ತು. ರಾಜನ ಹೊಲ-ತೋಟದ ಪಾರುಪತ್ಯಗಾರರಿಗೆ ಹೊರಡಿಸಿದ ಆದೇಶ ಒಂದಿದೆ. ದ್ರಾಕ್ಷಿಯನ್ನ ಕಾಲಲ್ಲಿ ತುಳೀಬೇಡಿ, ಮೊಟ್ಟೆ ಎಷ್ಟು ಮಿಕ್ಕಿತು ಮಾರಿ ಲೆಕ್ಕ ಕೊಡಿ, ಇಂಥದ್ದೆಲ್ಲ ಇದೆ, ನಮ್ಮ ಅಜ್ಜಿ ಬರೆಸಿದ ಹಾಗೆ. ಕೊನೆಯಲ್ಲಿ ತೋಟದಲ್ಲಿ ಇರಲೇಬೇಕಾದ ಗಿಡಗಳ ಪಟ್ಟಿ. ಮೊದಲು ಲಿಲ್ಲಿ, ಆಮೇಲೆ ಗುಲಾಬಿ, ಮೂರನೇದೇ ಮೆಂತ್ಯ! ಮುಂದೆ ಜೀರಿಗೆ, ಕೊತ್ತಂಬರಿ, ಬೆಳ್ಳುಳ್ಳಿ, ಈರುಳ್ಳಿ, ಮೂಲಂಗಿ. ಹುಳಿಪುಡಿಗೆ ಮೆಣಸಿನಕಾಯಿ ಒಂದು ಬಿಟ್ಟು ಬಹುಪಾಲು ಸಾಮಾನು ಅಲ್ಲೇ ಇದೆ.

ಆಖೆನ್_ಅಣ್ಣ:
ಎಲ್ಲರಿಗೂ ಥ್ಯಾಂಕ್ಸ್. ಮೆಂತ್ಯದ ವಿಷಯ ಅಮ್ಮನಿಗೆ ಓದಿ ಹೇಳಿದೆ, ರಾಜನ ಮೇಲೆ ಗೌರವ ಒಂದು ಗುಂಜಿ ಏರಿತು. ಸ್ಯಾಕ್ಸನಿ ಹುಡುಗನಿಗೆ ಆಲ್ಕ್ವಿನ್ ಪತ್ರದ ವಿಷಯ ಹೇಳಿದೆ, ಅವನಿಗೂ ಅದು ಗೊತ್ತಿರಲಿಲ್ಲ.

ಇನ್ನೊಂದು ಹೇಳೋದು ಮರೆತಿದ್ದೆ. ಸಿಂಹಾಸನದ ಪಕ್ಕದ ಒಂದು ಚಪ್ಪಡಿ ಮೇಲೆ ಗೀರುಗಳಿದ್ವು. ಒಂದರೊಳಗೆ ಒಂದು ಮೂರು ಚೌಕ, ನಡುವೆ ಅಡ್ಡಗೆರೆ. ಗೈಡ್ ಜರ್ಮನ್‌ನಲ್ಲಿ ಏನೋ ವಿವರಿಸ್ತಿದ್ರು, ಈ ಕಲ್ಲು ಇಲ್ಲಿಗೆ ಬರೋಕೆ ಮುಂಚೆ ಬೇರೆಲ್ಲೋ ನೆಲಕ್ಕೋ ಗೋಡೆಗೋ ಇದ್ದಿರಬೇಕು ಅಂತ. ಅಮ್ಮ ಬಗ್ಗಿ ನೋಡಿದವರೇ "ಲೋ, ಇದು ಸಾಲುಮನೆ ಆಟ ಕಣೋ, ನಮ್ಮೂರ ದೇವಸ್ಥಾನದ ಜಗಲಿ ಮೇಲೂ ಹೀಗೇ ಕೆತ್ತಿದ್ದಾರೆ" ಅಂದ್ರು. ಗೈಡ್‌ಗೆ ಹೇಳಿದೆ, ಅವರ ಭಾಷೇಲಿ ಇದು 'ಮ್ಯೂಲೆ', ಈಗಲೂ ಮಕ್ಕಳು ಆಡ್ತಾರೆ ಅಂದ್ರು.

ಮನೆಗೆ ಬಂದು ರಟ್ಟಿನ ಡಬ್ಬ ಹರಿದು ಮನೆ ಬರೆದ್ವಿ. ಒಬ್ಬರಿಗೆ ಒಂಬತ್ತು ಕಡಲೆಕಾಳು, ಇನ್ನೊಬ್ಬರಿಗೆ ಒಂಬತ್ತು ಬಟಾಣಿ. ಫ್ರೆಂಚ್ ಹುಡುಗ ಎರಡಾಟ ಸೋತ. ಸ್ಯಾಕ್ಸನಿ ಹುಡುಗ ಒಂದಾಟ ಗೆದ್ದ, ಆದರೆ ಅಮ್ಮ ಆಗ ಒಲೆ ಮೇಲಿದ್ದ ಸಾರು ನೋಡೋಕೆ ಎದ್ದು ಹೋಗಿದ್ರು, ಆ ಗ್ಯಾಪಲ್ಲಿ ಅವನು ಕಾಳು ಸರಿಸಿದ ಅಂತ ಇನ್ನೂ ಜಗಳ ನಡೀತಿದೆ.